ಹತನಾದವನೂ ಭವ್ಯಜೀವಿಯೇ

ದುಷ್ಟನನ್ನು ಸಂಹರಿಸಿದ ನಾಯಕನಿಗೆ ಜಯಕಾರ ಹಾಕುವುದು ಲೋಕರೂಢಿ. ಜೈನ ರಾಮಕಥೆ ಆ ಗೆಲುವಿನ ಬೆಲೆಯನ್ನೂ ತೋರಿಸುತ್ತದೆ. ವಿಮಲಸೂರಿಯ ಪ್ರಾಕೃತ ‘ಪಉಮಚರಿಯ’ದಿಂದ ನಾಗಚಂದ್ರನ ಕನ್ನಡ ‘ರಾಮಚಂದ್ರಚರಿತಪುರಾಣ’ದವರೆಗೆ ಹರಿದುಬಂದ ಪರಂಪರೆಯಲ್ಲಿ ರಾವಣನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. ರಾವಣ ಪ್ರಯೋಗಿಸಿದ ಚಕ್ರರತ್ನವೇ ಲಕ್ಷ್ಮಣನ ಕೈಸೇರಿ ರಾವಣನ ಪ್ರಾಣ ಹರಿಸುತ್ತದೆ.

63 ಶಲಾಕಾಪುರುಷರಲ್ಲಿ ರಾಮ ಬಲದೇವ, ಲಕ್ಷ್ಮಣ ವಾಸುದೇವ, ರಾವಣ ಪ್ರತಿವಾಸುದೇವ. ದೀಕ್ಷೆ ತಳೆದ ರಾಮನಿಗೆ ಮೋಕ್ಷ. ಕೊಂದ ಲಕ್ಷ್ಮಣನಿಗೂ ಹತನಾದ ರಾವಣನಿಗೂ ನರಕ. ಸೀತೆಯನ್ನು ಬಿಡಿಸಲು ನಡೆದ ಯುದ್ಧವದು, ಕಾರಣ ನ್ಯಾಯವಾದುದೇ. ಆಶ್ರಿತರ ರಕ್ಷಣೆಗೆ ಅನಿವಾರ್ಯವಾದ ವಿರೋಧೀ ಹಿಂಸೆಯನ್ನು ಶ್ರಾವಕಧರ್ಮ ಪೂರ್ಣವಾಗಿ ನಿಷೇಧಿಸಿಲ್ಲ. ಆದರೆ ಕಾರಣ ನ್ಯಾಯವಾದ ಮಾತ್ರಕ್ಕೆ ಕರ್ಮಬಂಧ ತಪ್ಪದು. ಕ್ರೋಧ ಮಾನಾದಿ ಕಷಾಯಗಳ ತೀವ್ರತೆಗೆ ತಕ್ಕಂತೆ ಅದು ಆತ್ಮವನ್ನು ಬಿಗಿಯುತ್ತದೆ.

ಕಥೆ ನರಕದಲ್ಲಿ ಮುಗಿಯುವುದಿಲ್ಲ. ರವಿಷೇಣನ ಸಂಸ್ಕೃತ ‘ಪದ್ಮಪುರಾಣ’ದಲ್ಲಿ, ಸ್ವರ್ಗದಲ್ಲಿ ಪ್ರತೀಂದ್ರನಾಗಿ ಹುಟ್ಟಿದ ಸೀತೆಯ ಜೀವ ನರಕಕ್ಕಿಳಿದು, ತನ್ನನ್ನು ಅಪಹರಿಸಿದ್ದ ರಾವಣನಿಗೂ ಧರ್ಮ ಬೋಧಿಸುತ್ತದೆ. ಮುಂದೊಂದು ಭವದಲ್ಲಿ ಅದೇ ರಾವಣ ತೀರ್ಥಂಕರನಾಗುತ್ತಾನೆ. ಖಳನೆಂದು ಜಗತ್ತು ಕಂಡವನೊಳಗೆ ಭಾವೀ ಜಿನನಿದ್ದ. ಆಯುಧ ಎತ್ತಲೇಬೇಕಾದ ಗಳಿಗೆಯಲ್ಲೂ ದ್ವೇಷ ಸಲ್ಲದೆನ್ನಲು ಬೇರೆ ಕಾರಣ ಬೇಕೆ?