ತೋಳು ಬಾಗಿದ್ದೇಕೆ?

ರೆಕಾರ್ಡ್ ಪ್ಲೇಯರಿನಲ್ಲಿ ಮುಳ್ಳನ್ನು ಹೊತ್ತು ಸಾಗುವ ತೋಳನ್ನು ಗಮನಿಸಿದ್ದೀರಾ? ಸಾಮಾನ್ಯವಾಗಿ ಅದು ನೇರವಾಗಿರುವುದಿಲ್ಲ. ತುದಿಯಾದರೂ ಒಳಕ್ಕೆ ಓರೆಯಾಗಿರುತ್ತದೆ. ಇದು ಅಂದಕ್ಕಾಗಿ ಮಾಡಿದ್ದಲ್ಲ, ಹುಟ್ಟಿನಿಂದಲೇ ಬಂದ ಒಂದು ದೋಷವನ್ನು ತಿದ್ದಲು ಮಾಡಿದ್ದು.

ಮೂಲ ತಟ್ಟೆಯಲ್ಲಿ ಗೀರು ಕೊರೆಯುವ ಉಳಿ ಅಂಚಿನಿಂದ ನಡುವಿನತ್ತ ನೇರ ಗೆರೆಯಲ್ಲಿ ಸಾಗುತ್ತದೆ. ಪ್ಲೇಯರಿನ ತೋಳಾದರೋ ಬಾಗಿಲಿನಂತೆ ಒಂದು ಕೀಲಿನ ಸುತ್ತ ತಿರುಗುತ್ತದೆ. ಕೊರೆದ ಕೋನಕ್ಕೂ ನುಡಿಸುವ ಕೋನಕ್ಕೂ ತಾಳೆಯಾಗದೆ ಸ್ವರ ಕೆಡುತ್ತದೆ. 1924ರಲ್ಲಿ ಇಂಗ್ಲೆಂಡಿನ ಪರ್ಸಿ ವಿಲ್ಸನ್ 'ದಿ ಗ್ರಾಮಫೋನ್' ಪತ್ರಿಕೆಯಲ್ಲಿ ಈ ದೋಷವನ್ನು ವಿವರಿಸಿದರು. 1938ರಲ್ಲಿ ಸ್ವೀಡನ್ನಿನ ಎರಿಕ್ ಲೋಫ್‌ಗ್ರೆನ್ ಅದರ ಗಣಿತವನ್ನು ಇನ್ನಷ್ಟು ಕರಾರುವಾಕ್ಕಾಗಿ ಬಿಡಿಸಿದರು. ತೋಳನ್ನು ಸುಮಾರು 22 ಡಿಗ್ರಿ ಓರೆ ಮಾಡಿ, ಮುಳ್ಳನ್ನು ನಡುಮೊಳೆಯಿಂದ ಸುಮಾರು 15 ಮಿಲಿಮೀಟರ್ ಆಚೆಗೆ ಚಾಚಿಸಿದರೆ ತಪ್ಪು ಎರಡು ಜಾಗಗಳಲ್ಲಿ ಸೊನ್ನೆಯಾಗುತ್ತದೆ. ಉಳಿದೆಡೆ ಒಂದೆರಡು ಡಿಗ್ರಿಯಷ್ಟೇ.

ಆದರೆ ಮದ್ದೇ ಇನ್ನೊಂದು ರೋಗ ತಂದಿತು. ಓರೆಯಾದ ತೋಳನ್ನು ತಟ್ಟೆಯ ಘರ್ಷಣೆ ನಡುವಿನತ್ತ ಎಳೆಯುತ್ತದೆ. ಮುಳ್ಳು ಗೀರಿನ ಒಳಗೋಡೆಯನ್ನು ಹೆಚ್ಚು ಒತ್ತುತ್ತದೆ. ಇದಕ್ಕೆ ಎದುರಾಗಿ ಎಳೆಯಲು ಪುಟ್ಟ ಸ್ಪ್ರಿಂಗನ್ನೋ ತೂಕವನ್ನೋ ಸೇರಿಸಬೇಕಾಯಿತು.

ಲೆಕ್ಕದಲ್ಲಿ ಕಾಣದ ಕೊರತೆಗಳನ್ನು ತೋರಿಸಿಕೊಟ್ಟವರು ಗಿರಾಕಿಗಳು. ಜಪಾನಿನ ಮತ್ಸುಶಿತಾ ಕಂಪನಿ 1972ರಲ್ಲಿ ಟೆಕ್ನಿಕ್ಸ್ ಎಸ್‌ಎಲ್-1200 ಪ್ಲೇಯರನ್ನು ತಂದದ್ದು ಮನೆಯಲ್ಲಿ ಕೂತು ಕೇಳುವವರಿಗೆಂದು. ಅದನ್ನು ಮೆಚ್ಚಿ ಬಳಸಿದವರು ಡಿಸ್ಕೊ ಕ್ಲಬ್ಬುಗಳ ಡಿಜೆಗಳು. ಕಂಪನಿಯ ಎಂಜಿನಿಯರುಗಳು ಅವರ ಬಳಕೆಯನ್ನು ನೋಡಿ ತಿಳಿದರು. 1979ರ ಮಾದರಿಯಲ್ಲಿ ವೇಗ ಬದಲಿಸುವ ತಿರುಗುಗುಬ್ಬಿಯ ಜಾಗಕ್ಕೆ ಜಾರುಗುಬ್ಬಿ ಬಂತು. ಕಂಪನ ತಡೆಯಲು ಪೀಠ ಇನ್ನಷ್ಟು ಭಾರವಾಯಿತು.

ತಟ್ಟೆಯನ್ನು ಕೈಯಿಂದ ಹಿಂದೆಮುಂದೆ ಉಜ್ಜುವ ಡಿಜೆಗಳಿಗೆ ಇನ್ನೊಂದು ತೊಡಕಿತ್ತು. ತಟ್ಟೆ ಹಿಂದೆ ತಿರುಗಿದಾಗ ಪಕ್ಕದ ಎಳೆತವೂ ದಿಕ್ಕು ಬದಲಿಸುತ್ತದೆ. ಮುಳ್ಳು ಗೀರಿನಿಂದ ಜಿಗಿಯಬಹುದು. ಅಂಥವರಿಗೆಂದೇ ಜಪಾನಿನ ವೆಸ್ಟ್ಯಾಕ್ಸ್ ಕಂಪನಿ ನೇರ ತೋಳಿನ ಪ್ಲೇಯರುಗಳನ್ನು ಮಾಡಿತು. ಕೋನದ ತಪ್ಪು ಹೆಚ್ಚಿತು, ಆದರೆ ಮುಳ್ಳು ಜಾಗ ಬಿಟ್ಟು ಕದಲುವುದು ಕಡಿಮೆಯಾಯಿತು. ಶಾಸ್ತ್ರೀಯ ಸಂಗೀತ ಕೇಳುವವರಿಗೆ ದೋಷವಾದದ್ದು ಇವರಿಗೆ ಗುಣವಾಯಿತು.

2010ರಲ್ಲಿ ಎಸ್‌ಎಲ್-1200 ತಯಾರಿಕೆ ನಿಂತಾಗ ಅಭಿಮಾನಿಗಳು ಸಹಿ ಸಂಗ್ರಹಿಸಿ ಮನವಿ ಮಾಡಿದರು. 2016ರಲ್ಲಿ ಅದು ಮರಳಿತು. ಬೆಲೆ ಮಾತ್ರ ಸುಮಾರು 4,000 ಡಾಲರ್! ದುಬಾರಿಯಾಯಿತೆಂಬ ಗೊಣಗಾಟ ಎದ್ದಿತು. 2019ರಲ್ಲಿ ಬಹಳ ಅಗ್ಗದ ಡಿಜೆ ಮಾದರಿ ಬಂತು. ಹಳೆಯದರಲ್ಲಿ ಸಂಪರ್ಕದ ತಂತಿ ಕಡಿದರೆ ಒಳಗೆ ಬಿಚ್ಚಿ ಬೆಸುಗೆ ಹಾಕಬೇಕಿತ್ತು. ಹೊಸದರಲ್ಲಿ ತಂತಿಯನ್ನು ಹೊರಗಿನಿಂದಲೇ ಕಳಚಿ ಬದಲಿಸಬಹುದು.

ಎಂಜಿನಿಯರಾಗಬಯಸುವ ವಿದ್ಯಾರ್ಥಿಗಳಿಗೆ ಇಲ್ಲೊಂದು ಪಾಠವಿದೆ. ಕೋನದ ಲೆಕ್ಕವನ್ನು ಪುಸ್ತಕದಲ್ಲಿ ಕಲಿಯಬಹುದು. ಕಡಿದ ತಂತಿಯ ಕಷ್ಟ ತಿಳಿಯಬೇಕಾದರೆ ಬಳಸುವವರನ್ನೇ ಕೇಳಬೇಕು.