ಆಟ ನಿಲ್ಲಿಸಿದ ಆಡು

ಪ್ಯಾರಿಸ್‌ನ ಕೆಫೆಯೊಂದಕ್ಕೆ ಕೋಡಂಗಿ ವೇಷದವನೊಬ್ಬ ಬಂದು ತನ್ನ ಅಕಾರ್ಡಿಯನ್ ವಾದ್ಯವನ್ನು ಬಿಟ್ಟು ಓಡುತ್ತಾನೆ. ಮರುಕ್ಷಣ ಸ್ಫೋಟ. ಒಳಗಿದ್ದ ಮುದುಕ ಸತ್ತ; ಹೊರಗೆ ಕೂತಿದ್ದ ಅಮೆರಿಕದ ಪ್ರವಾಸಿ ಜಾರ್ಜ್ ಸ್ಟಾಬಾರ್ಟ್ ಬದುಕಿಕೊಂಡ. ಇಂಗ್ಲೆಂಡಿನ ರೆವಲ್ಯೂಷನ್ ಸಾಫ್ಟ್‌ವೇರ್ 1996ರಲ್ಲಿ ಹೊರತಂದ ‘ಬ್ರೋಕನ್ ಸ್ವೋರ್ಡ್: ದಿ ಶ್ಯಾಡೋ ಆಫ್ ದಿ ಟೆಂಪ್ಲರ್ಸ್’ ಎಂಬ ಕಂಪ್ಯೂಟರ್ ಆಟ ಶುರುವಾಗುವುದು ಹೀಗೆ. ನಿರ್ದೇಶಕ ಚಾರ್ಲ್ಸ್ ಸೆಸಿಲ್.

ಈ ಜಾತಿಯ ಆಟದಲ್ಲಿ ಕೈಚಳಕಕ್ಕಿಂತ ತಾಳ್ಮೆಗೆ ಕೆಲಸ ಜಾಸ್ತಿ. ಕಂಡದ್ದರ ಮೇಲೆ ಮೌಸ್ ಒತ್ತಿ ನೋಡಬೇಕು, ಸಿಕ್ಕಿದ್ದನ್ನು ಜೇಬಿಗೆ ಹಾಕಿಕೊಳ್ಳಬೇಕು, ಎದುರಾದವರನ್ನೆಲ್ಲ ಮಾತಿಗೆ ಎಳೆಯಬೇಕು. ಪತ್ತೇದಾರಿ ಕಾದಂಬರಿಯಲ್ಲಾದರೆ ಕೊಲೆಗಾರ ಯಾರೆಂದು ಹೊಳೆಯದಿದ್ದರೂ ಪುಟ ತಿರುಗುತ್ತದೆ. ಇಲ್ಲಿ ನಮಗೆ ಹೊಳೆಯುವವರೆಗೆ ಕಥೆಯೇ ಮುಂದಕ್ಕೆ ಹೋಗದು.

ಹೊಳೆದಾಗ ಸಿಗುವ ಖುಷಿ ಎಂಥದ್ದೆಂದು ತಿಳಿಯಬೇಕಾದರೆ ಮೊದಲ ಬೀದಿಯ ಕೆಲಸಗಾರನನ್ನೇ ನೋಡಿ. ಕೋಡಂಗಿ ಚರಂಡಿಯೊಳಗೆ ಇಳಿದು ತಪ್ಪಿಸಿಕೊಂಡಿರುತ್ತಾನೆ. ಮುಚ್ಚಳ ಎತ್ತುವ ಸಲಕರಣೆ ಕೆಲಸಗಾರನ ಪೆಟ್ಟಿಗೆಯಲ್ಲಿದೆ. ಕೇಳಿದರೆ ಕೊಡುವ ಆಸಾಮಿಯಲ್ಲ. ಅವನ ಕೈಗೆ ದಿನಪತ್ರಿಕೆ ಕೊಟ್ಟರೆ ಕುದುರೆ ರೇಸಿನ ಸುದ್ದಿ ಓದಿ ಎದ್ದು ಹೋಗುತ್ತಾನೆ, ಪೆಟ್ಟಿಗೆ ನಮ್ಮದಾಗುತ್ತದೆ. ಇನ್ನೊಂದು ಒಗಟು ಇದಕ್ಕಿಂತ ಸೊಗಸು. ಪ್ಯಾರಿಸ್‌ನ ವೇಷಭೂಷಣದ ಅಂಗಡಿಯಲ್ಲಿ, ಕೈಕುಲುಕಿದರೆ ಶಾಕ್ ಹೊಡೆಯುವ ತಮಾಷೆಯ ಆಟಿಕೆಯೊಂದು ಸಿಕ್ಕಿರುತ್ತದೆ. ಎಷ್ಟೋ ಹೊತ್ತಿನ ಮೇಲೆ, ಸಿರಿಯಾದ ಬಂಡೆಯ ತುದಿಯಲ್ಲಿ ಹಂತಕ ಪಿಸ್ತೂಲು ಹಿಡಿದು ನಿಂತಾಗ ಪ್ರಾಣ ಉಳಿಸುವುದು ಅದೇ. ಉತ್ತರ ಮೊದಲಿಂದಲೂ ನಮ್ಮ ಜೇಬಲ್ಲೇ ಇತ್ತಲ್ಲ ಎಂದು ಹಣೆ ಚಚ್ಚಿಕೊಳ್ಳುವಂತೆ ಮಾಡುವುದೇ ಒಳ್ಳೆಯ ಒಗಟು.

ಇವೆರಡರ ನಡುವೆ ಐರ್ಲೆಂಡಿನ ಲೋಕ್‌ಮಾರ್ನ್ ಬರುತ್ತದೆ, ಅಲ್ಲಿನ ಪಾಳುಕೋಟೆಯಲ್ಲಿ ಒಂದು ಆಡು. ಕಟ್ಟಿಹಾಕಿದ ಆಡೇ, ಆದರೆ ಹಗ್ಗ ಉದ್ದವಿದೆ. ಜಾರ್ಜ್ ಮುಂದೆ ಹೆಜ್ಜೆಯಿಟ್ಟರೆ ಸಾಕು, ಗುದ್ದಿ ಕೆಡವುತ್ತದೆ. ಆಟಗಾರರು ಜೇಬಿನಲ್ಲಿದ್ದದ್ದನ್ನೆಲ್ಲ ಅದಕ್ಕೆ ತೋರಿಸಿ ಸೋತರು. ನಿಜವಾದ ಪರಿಹಾರ ಬೇರೆ: ಒಮ್ಮೆ ಗುದ್ದಿಸಿಕೊಂಡು, ಬಿದ್ದವನು ಏಳುವಾಗಲೇ ಪಕ್ಕದ ಹಳೆಯ ನೇಗಿಲಿನ ಮೇಲೆ ಕ್ಲಿಕ್ ಮಾಡಬೇಕು. ಮತ್ತೆ ನುಗ್ಗಿ ಬರುವ ಆಡಿನ ಹಗ್ಗ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಅಲ್ಲಿಯವರೆಗೆ ನಿಧಾನವಾಗಿ ಯೋಚಿಸು ಎಂದು ಕಲಿಸಿದ ಆಟ, ಒಂದು ಮಾತೂ ಹೇಳದೆ ಇಲ್ಲಿ ಅವಸರ ಮಾಡು ಎನ್ನುತ್ತದೆ. ಇದನ್ನು ನಾನು ಕಷ್ಟದ ಒಗಟು ಎನ್ನಲಾರೆ, ಮೋಸದ ಒಗಟು ಎನ್ನುತ್ತೇನೆ. ತಯಾರಕರಿಗೂ ಅದು ಗೊತ್ತಾಗಿರಬೇಕು: 2009ರ ‘ಡೈರೆಕ್ಟರ್ಸ್ ಕಟ್’ನಲ್ಲಿ ಸುಲಭ ಮಾಡಿದರು. ಆಡಿನ ಖ್ಯಾತಿಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ಈ ಸರಣಿಯ ಐದನೆಯ ಭಾಗದಲ್ಲಿ ಮತ್ತೊಂದು ಆಡನ್ನು ತಂದು ನಿಲ್ಲಿಸಿದರು.

ಸಿಕ್ಕಿಕೊಂಡವರಿಗೆ ಈಗ ಪರಿಹಾರ ಬೆರಳ ತುದಿಯಲ್ಲಿದೆ. 2024ರ ‘ರಿಫೋರ್ಜ್ಡ್’ ಆವೃತ್ತಿಯಲ್ಲಂತೂ ಸುಳಿವು ಕೊಡುವ ಸ್ಟೋರಿ ಮೋಡ್ ಆಟದೊಳಗೇ ಇದೆ. ಆಡಿನ ಹತ್ತಿರ ಅದನ್ನು ಬಳಸಿದರೆ ಪಾಪವಿಲ್ಲ. ಸಿರಿಯಾದ ಬಂಡೆಯ ಮೇಲೆ ಬಳಸಿದರೆ ದುಡ್ಡು ಕೊಟ್ಟು ಕೊಂಡ ಸುಖವನ್ನು ನಾವೇ ಎಸೆದ ಹಾಗೆ.

ಇನ್ನು ಕೊನೆ. 1307ರಲ್ಲಿ ಫ್ರಾನ್ಸಿನ ದೊರೆ ನಾಲ್ಕನೆಯ ಫಿಲಿಪ್ ಟೆಂಪ್ಲರ್ ಯೋಧರನ್ನು ಸಾರಾಸಗಟಾಗಿ ಸೆರೆಹಿಡಿಸಿದ, 1314ರಲ್ಲಿ ಅವರ ನಾಯಕ ಜಾಕ್ ದ ಮೊಲೆಯನ್ನು ಸುಡಿಸಿದ. ಈ ನಿಜ ಇತಿಹಾಸದ ಎಳೆ ಹಿಡಿದು, ಫೋಟೊ ಪತ್ರಕರ್ತೆ ನಿಕೋಳ ನೆರವಿನಿಂದ ಜಾರ್ಜ್ ಅಷ್ಟು ದೂರ ಅಲೆದಿರುತ್ತಾನೆ. ಕಡೆಗೆ ಸ್ಕಾಟ್ಲೆಂಡಿನ ಬ್ಯಾನಕ್‌ಬರ್ನ್‌ನಲ್ಲಿ ಎಲ್ಲ ಅವಸರವಸರವಾಗಿ ಮುಗಿದುಹೋಗುತ್ತದೆ. ಒಂದು ಹಸ್ತಪ್ರತಿಯ ಬೆನ್ನು ಹತ್ತಿ ಊರೂರು ಸುತ್ತಿಸಿದ ಕಥೆ, ಊಟಕ್ಕೆ ಕರೆದು ಪಾಯಸ ಬಡಿಸುವ ಮುನ್ನ ಎಲೆ ಎತ್ತಿದಂತೆ ಮಾಡುತ್ತದೆ. ಹಾಗೆಂದು ಅರ್ಧಕ್ಕೆ ಬಿಟ್ಟವರು ಬುದ್ಧಿವಂತರೇನಲ್ಲ. ಸ್ಕಾಟ್ಲೆಂಡಿಗೆ ಹೋಗುವ ರೈಲಿನಲ್ಲಿ ಯಾರು ಯಾರ ಕಡೆಯವರೆಂದು ಬಯಲಾಗುವುದನ್ನು ಅವರು ನೋಡುವುದೇ ಇಲ್ಲ.