ಹಿತ್ತಾಳೆಯ ಕೊಳವೆ, 34,776 ದಾರಿ

ಅಡಾಲ್ಫ್ ಸ್ಯಾಕ್ಸ್ ಎಂಬ ಬೆಲ್ಜಿಯಂ ಮೂಲದ ಕುಶಲಕರ್ಮಿ ತನ್ನ ಹಿತ್ತಾಳೆಯ ವಾದ್ಯಕ್ಕೆ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದದ್ದು 1846ರ ಜೂನ್ 28ರಂದು. ತಿರುವೈಯಾರಿನಲ್ಲಿ ವಾಗ್ಗೇಯಕಾರ ತ್ಯಾಗರಾಜರು ತೀರಿಕೊಂಡದ್ದು 1847ರ ಜನವರಿ 6ರಂದು. ಪೇಟೆಂಟಿನ ದಿನದಿಂದ ಎಣಿಸಿದರೆ ಸ್ಯಾಕ್ಸೋಫೋನೂ ತ್ಯಾಗರಾಜರೂ ಈ ಭೂಮಿಯ ಮೇಲೆ ಒಟ್ಟಿಗಿದ್ದದ್ದು 192 ದಿನ ಮಾತ್ರ. ಒಬ್ಬರಿಗೊಬ್ಬರ ಸುಳಿವಿಲ್ಲ. ಅವರ ಕೃತಿಗಳು ಆ ವಾದ್ಯದಲ್ಲಿ ಕಚೇರಿಯ ವೇದಿಕೆ ಏರುವ ಹೊತ್ತಿಗೆ ನೂರು ವರ್ಷ ಎಂದೋ ದಾಟಿತ್ತು.

ನಮ್ಮ ಸೀಮೆಯ ಕಾಲಮಾನದಲ್ಲಿ ಇಟ್ಟು ನೋಡಿದರೆ ಈ ವಾದ್ಯ ಎಷ್ಟು ಎಳೆಯದೆಂದು ತಿಳಿಯುತ್ತದೆ. ಅದಕ್ಕೆ ಪೇಟೆಂಟ್ ಸಿಗುವಾಗ ಕಿತ್ತೂರಿನ ಕಾಳಗ ಮುಗಿದು 21 ವರ್ಷ ದಾಟಿತ್ತು; ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ಕಣ್ಮುಚ್ಚಿ 17 ವರ್ಷವಾಗಿತ್ತು. ಗೋವೆಯ ಕದಂಬರ ಕಾಲದಲ್ಲಿ, 12ನೆಯ ಶತಮಾನದಲ್ಲಿ, ದೇಗಾಂವದಲ್ಲಿ ಎದ್ದ ಕಮಲನಾರಾಯಣ ಗುಡಿಗೆ ಆಗಲೇ ಆರು ಶತಮಾನ ಮೀರಿತ್ತು.

ಎಳೆಯದಾದರೂ ಸ್ಯಾಕ್ಸೋಫೋನ್ ನಮಗೆ ತೀರ ಹೊರಗಿನದಲ್ಲ. ನಮ್ಮ ಮದುವೆಗಳ ಸನಾದಿಯನ್ನು ನೋಡಿ: ಬಾಯಿಯ ಕಡೆ ಸಪೂರ, ಕೆಳಗೆ ಹೋದಂತೆ ಅಗಲ. ತೆಂಕಣದ ನಾಗಸ್ವರವೂ ಹಾಗೇ, ಸ್ಯಾಕ್ಸೋಫೋನೂ ಹಾಗೇ. ಇಂಥ ಶಂಕುವಿನಾಕಾರದ ಕೊಳವೆಯಲ್ಲಿ ಉಸಿರು ಬಿಗಿದರೆ ಅದೇ ಸ್ವರ ಸರಿಯಾಗಿ ಒಂದು ಸ್ಥಾಯಿ ಮೇಲೇರುತ್ತದೆ. ಸರಿಸುಮಾರು ಒಂದೇ ಅಗಲದ ಕೊಳವೆಯುಳ್ಳ ಕ್ಲಾರಿನೆಟ್ಟಿನಲ್ಲಿ ಸ್ಥಾಯಿಯನ್ನೂ ದಾಟಿ ಪಂಚಮಕ್ಕೆ ಜಿಗಿಯುತ್ತದೆ. ಹಾಗಾಗಿ ನಾಗಸ್ವರದ ಮನೆಯಲ್ಲಿ ಬೆಳೆದ ಹುಡುಗನಿಗೆ ಸ್ಯಾಕ್ಸೋಫೋನ್ ದೂರದ ನೆಂಟನಂತೆ ಕಂಡರೆ ಆಶ್ಚರ್ಯವಿಲ್ಲ.

ಆ ಹುಡುಗ ಕದ್ರಿ ಗೋಪಾಲನಾಥ್. 1949ರ ಡಿಸೆಂಬರ್ 6ರಂದು ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ ಜನನ. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಮೈಸೂರಿನಲ್ಲಿ ಅರಮನೆಯ ಬ್ಯಾಂಡಿನವರು ನುಡಿಸುತ್ತಿದ್ದ ಸ್ಯಾಕ್ಸೋಫೋನ್ ಕೇಳಿ ಮನಸೋತ ಮೇಲೆ ಅದನ್ನು ಕರ್ನಾಟಕ ಸಂಗೀತಕ್ಕೆ ಪಳಗಿಸಲು ಅವರಿಗೆ ಹಿಡಿದದ್ದು ಸುಮಾರು 20 ವರ್ಷ. ಮಂಗಳೂರಿನಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್, ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಗುರುಗಳಾದರು.

ಒಂದು ವಾದ್ಯಕ್ಕೆ 20 ವರ್ಷವೇ? ಲೆಕ್ಕ ಹಾಕಿದರೆ ಅದೂ ಕಡಿಮೆಯೇ ಎನಿಸುತ್ತದೆ. ಕರ್ನಾಟಕ ಸಂಗೀತದ ಮೂಲ ರಾಗಗಳಾದ ಮೇಳಕರ್ತಗಳು 72. ಒಂದೊಂದು ಮೇಳದ ಏಳು ಸ್ವರಗಳಲ್ಲಿ ಷಡ್ಜ ಉಳಿಸಿಕೊಂಡು ಒಂದನ್ನೋ ಎರಡನ್ನೋ ಬಿಟ್ಟರೆ, ಏನೂ ಬಿಡದ್ದೂ ಸೇರಿ, ಆರೋಹಣಕ್ಕೆ 22 ಬಗೆ, ಅವರೋಹಣಕ್ಕೂ 22. ಗುಣಿಸಿದರೆ 484. ಪೂರ್ಣ ಮೇಳವೊಂದನ್ನು ಕಳೆದರೆ ಅದರಿಂದ ಹುಟ್ಟುವ ರಾಗಗಳು, ಎಂದರೆ ಜನ್ಯಗಳು, 483. 72 ಮೇಳಗಳಿಗೆ 34,776. ಒಂದೇ ಸ್ವರಪಂಕ್ತಿ ಎರಡು ಮೂರು ಮೇಳಗಳಡಿ ಬರುವುದುಂಟು, ಬಹುಪಾಲು ಕಾಗದದ ಮೇಲಷ್ಟೇ ಇರುವಂಥವು. ಆದರೂ ದಿನಕ್ಕೊಂದರಂತೆ ನುಡಿಸುತ್ತ ಹೋದರೆ 95 ವರ್ಷ ಬೇಕು.

ನಿಜವಾದ ಕಷ್ಟ ಇದಲ್ಲ. ಅದು ಒಂದು ಸ್ವರಕ್ಕೂ ಮುಂದಿನದಕ್ಕೂ ನಡುವಿನ ಸಂದಿನಲ್ಲಿದೆ. ಸ್ಯಾಕ್ಸೋಫೋನು ಸ್ಥಾಯಿಯನ್ನು 12 ಸಮ ಮೆಟ್ಟಿಲಾಗಿ ಒಡೆಯುತ್ತದೆ. ಷಡ್ಜ ಸೆಕೆಂಡಿಗೆ 240 ಕಂಪನದ್ದಾದರೆ ಮುಂದಿನ ಮೆಟ್ಟಿಲು 254ರ ಆಸುಪಾಸು. ಸ್ವರವನ್ನು ತೂಗಿ ಜಾರಿಸುವ ಗಮಕಕ್ಕೆ ಇವೆರಡರ ನಡುವಿನ ಪ್ರತಿ ಎಳೆಯೂ ಬೇಕು. ನಾಗಸ್ವರದಲ್ಲಿ ಬೆರಳಿಗೆ ಸಿಗುವ ರಂಧ್ರ 7, ಕೀಲಿ ಒಂದೂ ಇಲ್ಲ. ಬೆರಳನ್ನು ಮೆಲ್ಲನೆ ಸರಿಸಿದರೆ ಸ್ವರ ಜಾರುತ್ತದೆ. ಸ್ಯಾಕ್ಸೋಫೋನಿನಲ್ಲಿ ರಂಧ್ರಗಳು ಇಪ್ಪತ್ತಕ್ಕೂ ಹೆಚ್ಚು. ಎಲ್ಲಕ್ಕೂ ಲೋಹದ ಮುಚ್ಚಳ, ಬೆರಳಿಗೆ ರಂಧ್ರದ ಸ್ಪರ್ಶವೇ ಇಲ್ಲ. ತೆರೆ ಇಲ್ಲವೇ ಮುಚ್ಚು ಎನ್ನುವ ಈ ಯಂತ್ರದಿಂದ ತೋಡಿಯ ಗಾಂಧಾರವನ್ನು ತೂಗಿಸಬೇಕಾದರೆ ತುಟಿಯ ಬಿಗಿ, ಗಂಟಲು, ಉಸಿರು ಒಟ್ಟಿಗೆ ದುಡಿಯಬೇಕು. 20 ವರ್ಷ ಹೋದದ್ದು ಆ 14 ಕಂಪನಗಳ ಸಂದಿಗೆ.

ಆ ಸಂದು ತುಂಬಿದ ಮೇಲೆ ಲೋಕ ಸಣ್ಣದಾಯಿತು. 1980ರ ಬೊಂಬಾಯಿ ಜಾಝ್ ಉತ್ಸವದಲ್ಲಿ ಗೋಪಾಲನಾಥರನ್ನು ಕೇಳಿದವರಲ್ಲಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಒಬ್ಬರು. ಚಾರ್ಲ್ಸ್ ಮಿಂಗಸ್ ತಂಡದಲ್ಲೂ ಅಲಿ ಅಕ್ಬರ್ ಖಾನರ ಜೊತೆಯಲ್ಲೂ ನುಡಿಸಿದ್ದ ಅವರು ತಾವೂ ಜೊತೆಗೂಡುವೆನೆಂದು ವೇದಿಕೆ ಹತ್ತಿದರು. 1994ರಲ್ಲಿ ಗೋಪಾಲನಾಥರಿಗೆ ಲಂಡನ್ನಿನ ಬಿಬಿಸಿ ಪ್ರಾಮೆನೇಡ್ ಕಚೇರಿಗೆ ಕರೆ ಬಂತು. ಐದು ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ರಾಯಲ್ ಆಲ್ಬರ್ಟ್ ಹಾಲ್. ಅಲ್ಲಿಗೆ ಕರೆ ಪಡೆದ ಮೊದಲ ಕರ್ನಾಟಕ ಸಂಗೀತಗಾರ ಅವರು. ಅದೇ ವರ್ಷ ಕೆ. ಬಾಲಚಂದರ್ ಅವರ ತಮಿಳು ಚಿತ್ರ ‘ಡ್ಯುಯೆಟ್’ ತೆರೆಕಂಡಿತು. ಎ.ಆರ್. ರೆಹಮಾನರ ಸಂಗೀತವಿದ್ದ ಆ ಚಿತ್ರಕ್ಕಾಗಿ ಗೋಪಾಲನಾಥ್ ಸುಮಾರು 30 ರಾಗ ನುಡಿಸಿದರೂ ನಿರ್ದೇಶಕರಿಗೆ ಸಮಾಧಾನವಾಗಿರಲಿಲ್ಲ. ಕೊನೆಗೆ ಒಪ್ಪಿಗೆಯಾದದ್ದು ಕಲ್ಯಾಣವಸಂತ. 21ನೆಯ ಮೇಳ ಕೀರವಾಣಿಯ ಜನ್ಯವಾದ ಅದು ಏರುವಾಗ 5 ಸ್ವರ, ಇಳಿಯುವಾಗ 7. ಕಾಗದದ 34,776ರಲ್ಲಿ ಒಂದು, ಕಚೇರಿಯ ಮುಖ ಕಾಣದ ಲಕ್ಷಾಂತರ ಕಿವಿಗಳಿಗೆ ಹೋಯಿತು.

1999ರಲ್ಲಿ ಕೊಳಲುವಾದಕ ಜೇಮ್ಸ್ ನ್ಯೂಟನ್ ಜೊತೆ ‘ಸದರ್ನ್ ಬ್ರದರ್ಸ್’ ಆಲ್ಬಂ ಬಂತು. ಎಲ್ಲಕ್ಕಿಂತ ಸ್ವಾರಸ್ಯದ್ದು 2008ರ ‘ಕಿನ್ಸ್‌ಮೆನ್’. ಅದರಲ್ಲಿ ಎರಡು ಆಲ್ಟೋ ಸ್ಯಾಕ್ಸೋಫೋನ್. ಒಂದು ಗೋಪಾಲನಾಥರದು, ಇನ್ನೊಂದು ರುದ್ರೇಶ್ ಮಹಾಂತಪ್ಪ ಅವರದು. ರುದ್ರೇಶ್ 1971ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ ಹುಟ್ಟಿ, ಅಮೆರಿಕದ ಕೊಲೊರಾಡೊದಲ್ಲಿ ಬೆಳೆದ ಜಾಝ್ ವಾದಕ. ತಂದೆ ತಾಯಿಯ ಬೇರು ಕರ್ನಾಟಕದಲ್ಲಿ. ಓದುತ್ತಿದ್ದ ದಿನಗಳಲ್ಲಿ ಅಣ್ಣ ತಮಾಷೆಗೆಂದು ಕೊಟ್ಟ ಗೋಪಾಲನಾಥರ ಆಲ್ಬಂ ಅವರ ಕಿವಿ ತೆರೆಸಿತ್ತು. ವಯಸ್ಸಿನಲ್ಲಿ 21 ವರ್ಷದ ಅಂತರ. ಒಬ್ಬರು ಸಂದು ತುಂಬಲು ಯಂತ್ರವನ್ನು ಬಗ್ಗಿಸಿದವರು, ಇನ್ನೊಬ್ಬರು ಆ ಸಂದು ಇದೆಯೆಂದು ಅವರಿಂದಲೇ ಅರಿತವರು. ವಯಲಿನ್ನಿನಲ್ಲಿ ಎ. ಕನ್ಯಾಕುಮಾರಿ, ಮೃದಂಗದಲ್ಲಿ ಪೂವಲೂರು ಶ್ರೀಜಿ, ಗಿಟಾರಿನಲ್ಲಿ ರೆಝ್ ಅಬ್ಬಾಸಿ. ಡ್ರಮ್ಸೂ ಬಾಸೂ ಸೇರಿ ಒಟ್ಟು ಏಳು ಮಂದಿ.

2004ರಲ್ಲಿ ಪದ್ಮಶ್ರೀ ಬಂತು. 2019ರ ಅಕ್ಟೋಬರ್ 11ರಂದು ಗೋಪಾಲನಾಥ್ ತೀರಿಕೊಂಡರು. 70 ತುಂಬಲು ಎರಡು ತಿಂಗಳೂ ಉಳಿದಿರಲಿಲ್ಲ.

ಆಲ್ಬರ್ಟ್ ಹಾಲಿನ ಐದು ಸಾವಿರ ದೊಡ್ಡ ಸಂಖ್ಯೆಯೇ. ಅದಕ್ಕಿಂತ ದೊಡ್ಡದನ್ನು ಯಾರೂ ಎಣಿಸಿಲ್ಲ: ಕರಾವಳಿಯ ಮದುವೆ, ಜಾತ್ರೆ, ದೇವರ ಉತ್ಸವಗಳಲ್ಲಿ ಇವತ್ತು ನಾಗಸ್ವರದ ಜಾಗದಲ್ಲಿ ಸ್ಯಾಕ್ಸೋಫೋನ್ ನುಡಿಸುವವರನ್ನು. ಅವರಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. ಪ್ಯಾರಿಸ್ಸಿನ ಮಿಲಿಟರಿ ಬ್ಯಾಂಡಿಗೆಂದು ಹೊರಟ ವಾದ್ಯ ಒಬ್ಬ ಮನುಷ್ಯನ ಆಯುಷ್ಯದೊಳಗೆ ತಾಳಿ ಕಟ್ಟುವ ಹೊತ್ತಿನ ಮಂಗಳವಾದ್ಯವಾಗಿದೆ.